ಜಗಲಿಯಲ್ಲಿ ಕೂತವನಿಗೆ ಗೊತ್ತಿತ್ತಾ? 'ಶಾರ್ಪ್ ಆಬ್ಜೆಕ್ಟ್ಸ್' ನೋಡಿದವರು ಬನ್ನಿ

ತೊಡೆದೇವು (ಶಿರಸಿ)

ಮೊದಲೇ ಹೇಳಿಬಿಡುತ್ತೇನೆ, ಇಲ್ಲಿ ಎಂಟೂ ಕಂತಿನ ಗುಟ್ಟು ಬಯಲಾಗುತ್ತದೆ. ನೋಡದವರು ಇಲ್ಲಿಂದಲೇ ವಾಪಸ್ ಹೋಗಿ, ನೋಡಿಕೊಂಡು ಬನ್ನಿ.

ಇದು ಅಮೆರಿಕದ ಧಾರಾವಾಹಿ, ಹೊಸದೇನಲ್ಲ. ಎಚ್‌ಬಿಒದಲ್ಲಿ ಬಂದದ್ದು 2018ರಲ್ಲಿ. ನಮ್ಮ ಮನೆಗೆ ಬಂದದ್ದು ಈ ಮಳೆಗಾಲದಲ್ಲಿ. ನಮ್ಮ ಕಡೆ ಜುಲೈ ಅಂದರೆ ಗೊತ್ತಲ್ಲ, ಕರೆಂಟು ಇದ್ದರೆ ನೆಟ್‌ವರ್ಕ್ ಇಲ್ಲ, ನೆಟ್‌ವರ್ಕ್ ಇದ್ದರೆ ಕರೆಂಟಿಲ್ಲ. ಮೆತ್ತಿನ ಕಿಟಕಿಗೆ ಮೊಬೈಲು ಕಟ್ಟಿ, ಒಂದೊಂದೇ ಕಂತು ಇಳಿಸಿಕೊಂಡು, ಹನ್ನೊಂದು ದಿನದಲ್ಲಿ ಮುಗಿಸಿದೆವು. ನಾನು ಮತ್ತು ಆಯಿ, ಅಂದರೆ ನನ್ನ ಅಮ್ಮ. ಆಯಿಗೆ ಇಂಗ್ಲಿಷ್ ಬರುವುದಿಲ್ಲ. ಪಕ್ಕದಲ್ಲಿ ಕೂತು ನಾನೇ ಕನ್ನಡ ಮಾಡಿ ಹೇಳುತ್ತಿದ್ದೆ. ಕೆಲವು ಕಡೆ ಕತ್ತರಿ ಹಾಕಿದೆ. ಹಾಕಿದ್ದು ಆಯಿಗೆ ಗೊತ್ತಾಗುತ್ತಿತ್ತು, ಆದರೂ ಕೇಳುತ್ತಿರಲಿಲ್ಲ.

ಮರೆತವರಿಗಾಗಿ ಕಥೆ ಇಷ್ಟು. ಕಮೀಲ್ ಪತ್ರಕರ್ತೆ, ಸೇಂಟ್ ಲೂಯಿಸ್‌ನಲ್ಲಿ ಇರುತ್ತಾಳೆ. ಅವಳ ಹುಟ್ಟೂರು ವಿಂಡ್ ಗ್ಯಾಪ್‌ನಲ್ಲಿ ಒಬ್ಬ ಹುಡುಗಿ ಕೊಲೆಯಾಗಿದ್ದಾಳೆ, ಇನ್ನೊಬ್ಬಳು ಕಾಣೆ. ಸಂಪಾದಕ ಇವಳನ್ನೇ ಕಳಿಸುತ್ತಾನೆ. ಊರಲ್ಲಿ ತಾಯಿ ಅಡೋರಾ, ಅಡೋರಾಳ ಗಂಡ ಆಲನ್, ಅವರಿಬ್ಬರ ಮಗಳು ಆಮಾ. ನಡುವೆ ಒಬ್ಬ ತಂಗಿ ಇದ್ದಳು, ಮೇರಿಯನ್, ಚಿಕ್ಕವಳಿದ್ದಾಗಲೇ ಕಾಯಿಲೆ ಬಿದ್ದು ಸತ್ತಳು. ಹಾಗಂತ ಮನೆಯವರು ಹೇಳುತ್ತಾರೆ. (ಆಮಾ ಹೆಸರು ಕೇಳಿ ಆಯಿಗೆ ಮೊದಲ ದಿನ ಪೂರ್ತಿ ಗೊಂದಲ. "ತಂಗಿ ಹೆಸ್ರೇ ಅಮ್ಮನಾ?" ಅಂತ.)

ಈಗ ವಿಷಯಕ್ಕೆ ಬರುತ್ತೇನೆ. ಎಲ್ಲರೂ ಅಡೋರಾ ಬಗ್ಗೆ ಮಾತಾಡುತ್ತಾರೆ. ನನ್ನ ನಿದ್ದೆ ಕೆಡಿಸಿದವನು ಆಲನ್. ಕೆಳಗೆ ಅವನದೊಂದು ದುಬಾರಿ ಸ್ಟೀರಿಯೋ ಇದೆ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಣ್ಣು ಮುಚ್ಚಿ ಕೂತಿರುತ್ತಾನೆ. ಮೇಲೆ ಅವನ ಮಗಳು ಮಂಚ ಹಿಡಿದು ನರಳುತ್ತಾಳೆ. ಹೆಂಡತಿ ಚಮಚ ಹಿಡಿದು ಮೆಟ್ಟಿಲು ಹತ್ತುತ್ತಾಳೆ. ಇವನು ರೆಕಾರ್ಡ್ ಬದಲಾಯಿಸುತ್ತಾನೆ. ಮೂರನೇ ಕಂತಿಗೇ ಆಯಿ ಕೇಳಿದಳು, "ಆ ಗಂಡ್ಸು ಎಂತಕ್ಕೆ ಬಾಯೇ ಬಿಡ್ತ್ನಿಲ್ಲೆ?" ಅಂತ. ಪಾಪದವನು ಆಯಿ, ಅವನಿಗೇನೂ ಗೊತ್ತಿಲ್ಲ ಅಂದೆ. "ಅವಂಗೆ ಎಲ್ಲಾ ಗೊತ್ತಿದ್ದು ಕೂಸೇ. ನೋಡು ಬೇಕಾರೆ" ಅಂದು ಎದ್ದು ಹೋಗಿ ಒಲೆಗೆ ಕಟ್ಟಿಗೆ ದೂಡಿ ಬಂದಳು.

ನಮ್ಮ ಮನೆಗಳಲ್ಲಿ ಆಲನ್‌ಗೆ ಹೆಡ್‌ಫೋನ್ ಬೇಡ. ಜಗಲಿ ಸಾಕು. ಕವಳದ ಹರಿವಾಣ, ರೇಡಿಯೋ, ಮೊಳೆಗೆ ನೇತುಹಾಕಿದ ಬಗ್ಗೋಣ ಪಂಚಾಂಗ, ಅದಕ್ಕೆ ದಾರದಲ್ಲಿ ಕಟ್ಟಿದ ಪೆನ್ಸಿಲ್ಲು. ಒಳಗೆ ಅಡುಗೆಮನೆಯಲ್ಲಿ ಯಾರೋ ಅಳುತ್ತಿದ್ದರೆ ಜಗಲಿಯ ಮಾತು ತನ್ನಷ್ಟಕ್ಕೇ ಅಡಿಕೆ ದರಕ್ಕೆ ಹೋಗುತ್ತದೆ. ನಾನು ಎಷ್ಟು ಸಲ ನೋಡಿದ್ದೇನೆ.

ನಿಮಗೆ ಏನನ್ನಿಸಿತು? ಆಲನ್‌ಗೆ ಗೊತ್ತಿತ್ತಾ, ಇಲ್ವಾ?


ಬೈತಖೋಲ ಬಂಗಡೆ (ಕಾರವಾರ)

ನಾಲ್ಕನೇ ಕಂತಿಗೆ ನಿದ್ದೆ ಬಂತು ಮಾರಾಯ್ರೆ, ಸುಳ್ಳು ಹೇಳುವುದಿಲ್ಲ. ಫ್ಯಾನು ತಿರುಗುತ್ತದೆ, ಕಾರು ಹೋಗುತ್ತದೆ, ಅವಳು ನೀರಿನ ಬಾಟಲಿಯಲ್ಲಿ ವೋಡ್ಕಾ ತುಂಬಿಕೊಂಡು ಕುಡಿಯುತ್ತಾಳೆ. ಮತ್ತೆ ಫ್ಯಾನು. ಮೂರು ಕಂತಿನ ಸಾಮಾನನ್ನು ಎಂಟಕ್ಕೆ ಎಳೆದಿದ್ದಾರೆ.

ಸೆಕೆ ಮಾತ್ರ ಪಕ್ಕಾ ನಮ್ಮದೇ. ಮೇ ತಿಂಗಳಲ್ಲಿ ಕೋಡಿಬಾಗದ ಕಡೆ ಮಧ್ಯಾಹ್ನ ಮೂರು ಗಂಟೆಗೆ ಗಾಳಿ ನಿಂತುಬಿಡುತ್ತದಲ್ಲ, ಅಂಗಿ ಬೆನ್ನಿಗೆ ಅಂಟಿಕೊಂಡು, ಯಾರು ಏನು ಕೇಳಿದರೂ ಸಿಟ್ಟು ಬರುತ್ತದಲ್ಲ, ಅದು ಪೂರ್ತಿ ಎಂಟು ಕಂತೂ ಇದೆ. ಅಷ್ಟು ಬೆವರುವ ಊರಲ್ಲಿ ಕಮೀಲ್ ಮಾತ್ರ ಉದ್ದ ತೋಳಿನ ಅಂಗಿ ಹಾಕಿಕೊಂಡು ತಿರುಗುತ್ತಾಳೆ. ಯಾಕೆ ಅಂತ ಮೊದಲ ಕಂತಿನ ಕೊನೆಗೆ ಗೊತ್ತಾದಾಗ ನಾನು ನಿಜಕ್ಕೂ ಎದ್ದು ಕೂತೆ. ಆಮೇಲೆ ಮತ್ತೆ ಮಲಗಿದೆ.

ಆಲನ್ ಯಾರು? ಆ ಹಾಡು ಕೇಳುವವನಾ? ಅವನೊಬ್ಬ ಇದ್ದಾನೆ ಅಂತಲೇ ಮರೆತಿತ್ತು.


ತೊಡೆದೇವು

@ಬಂಗಡೆ, ನಾನು ಹೇಳುತ್ತಿರುವುದೂ ಅದನ್ನೇ.


ಯಾಣದ ಕಲ್ಲು (ಕುಮಟಾ)

ನಿಧಾನ ಅನ್ನುವವರು ದಯವಿಟ್ಟು ಇನ್ನೊಂದು ಸಲ ನೋಡಿ, ಈ ಸಲ ಕಥೆ ಬಿಟ್ಟು ಗೋಡೆ, ಬಾಗಿಲು, ರಸ್ತೆ ಫಲಕ ನೋಡಿ. ಪದಗಳು ಅಡಗಿವೆ. ಕಾರಿನ ಮೇಲೆ ಒಂದು ಪದ ಗೀಚಿದಂತೆ ಇರುತ್ತದೆ, ಮುಂದಿನ ಶಾಟಿನಲ್ಲಿ ಇರುವುದಿಲ್ಲ. ಕಮೀಲ್ ತನ್ನ ಮೈಮೇಲೆ ಬರೆದುಕೊಂಡ ಪದಗಳೇ ಅವಳ ಕಣ್ಣಿಗೆ ಊರ ತುಂಬಾ ಕಾಣುತ್ತವೆ. ನಾನು ನಿಲ್ಲಿಸಿ ನಿಲ್ಲಿಸಿ ಹುಡುಕಿದೆ. ಒಂದು ಕಂತಿಗೆ ಎರಡೂವರೆ ತಾಸು ಹಿಡಿಯಿತು. ಮನೆಯಲ್ಲಿ ಬೈದರು.

ಎಂಟೂ ಕಂತನ್ನು ಒಬ್ಬನೇ ನಿರ್ದೇಶಿಸಿದ್ದು, ಜಾನ್ ಮಾರ್ಕ್ ವಲೀ. 2021ರ ಡಿಸೆಂಬರಿನಲ್ಲಿ ತೀರಿಕೊಂಡ. ಅವನ ಎಡಿಟಿಂಗ್ ನೋಡಿ. ಹಳೆಯ ನೆನಪು ಬಂದಾಗ ಪರದೆ ಮಸುಕಾಗುವುದು, ವೀಣೆ ಬಾರಿಸುವುದು ಯಾವುದೂ ಇಲ್ಲ. ಬಾಗಿಲು ತೆರೆದರೆ ಒಳಗೆ ಹೋಗುವವಳು ಹದಿಮೂರರ ಹುಡುಗಿ, ಹೊರಗೆ ಬರುವವಳು ದೊಡ್ಡವಳು. ಅರ್ಧ ಸೆಕೆಂಡು. ನಮಗೂ ನೆನಪು ಹಾಗೇ ಬರುವುದು ಅಲ್ವಾ? ಪಾತ್ರೆ ತೊಳೆಯುವಾಗ, ಬಸ್ಸಿನ ಕಿಟಕಿಯಲ್ಲಿ, ಕೇಳದೇ.

ಇನ್ನೊಂದು. ಕೊನೆಯ ಕಂತಿನಲ್ಲಿ ಹೆಸರುಗಳು ಬರಲು ಶುರುವಾದ ಕೂಡಲೇ ಆಫ್ ಮಾಡಿದವರು ಕೊಲೆ ನೋಡಿಯೇ ಇಲ್ಲ. ಅದು ಹೆಸರುಗಳ ನಡುವೆ ಇದೆ.


ಬೈತಖೋಲ ಬಂಗಡೆ

ಏನು?? ನಾನು ಆಫ್ ಮಾಡಿದ್ದೆ. ತಡೆಯಿರಿ.


ವೇದಿಕೆ ನೋಡಿಕೊಳ್ಳುವವರು

ಚರ್ಚೆ ಚೆನ್ನಾಗಿ ನಡೆದಿದೆ. ಒಂದೇ ಕೋರಿಕೆ. ಕಮೀಲ್ ತನಗೆ ತಾನೇ ನೋವು ಮಾಡಿಕೊಳ್ಳುವ ಭಾಗದ ವಿವರಗಳನ್ನು ಇಲ್ಲಿ ಬಿಡಿಸಿ ಬರೆಯುವುದು ಬೇಡ. ಓದುವವರಲ್ಲಿ ಎಲ್ಲ ವಯಸ್ಸಿನವರೂ ಇದ್ದಾರೆ. ಇದನ್ನು ಓದಿ ಯಾರಿಗಾದರೂ ಮನಸ್ಸು ಭಾರ ಆದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ಸರ್ಕಾರದ್ದು, ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು. ಮುಂದುವರಿಸಿ.


ರಾತ್ರಿಪಾಳಿ (ಕಾರವಾರ)

ನಾನು ನರ್ಸ್. ಇಪ್ಪತ್ತು ವರ್ಷದ ಸರ್ವಿಸ್. ಈ ಧಾರಾವಾಹಿ ನೋಡಿದ್ದು ರಾತ್ರಿಪಾಳಿ ಮುಗಿಸಿ ಬಂದು ಬೆಳಿಗ್ಗೆ, ತಿಂಡಿ ತಿನ್ನುತ್ತಾ. ಏಳನೇ ಕಂತಿನಲ್ಲಿ ತಿಂಡಿ ತಟ್ಟೆಯಲ್ಲೇ ಉಳಿಯಿತು.

ಅಡೋರಾಳ ಕಾಯಿಲೆಗೆ ಹೆಸರಿದೆ. 1951ರಲ್ಲಿ ರಿಚರ್ಡ್ ಆಶರ್ ಎಂಬ ಇಂಗ್ಲೆಂಡಿನ ಡಾಕ್ಟರು, ಸುಳ್ಳು ಕಾಯಿಲೆ ಹೇಳಿಕೊಂಡು ಆಸ್ಪತ್ರೆಯಿಂದ ಆಸ್ಪತ್ರೆಗೆ ತಿರುಗುವವರ ಬಗ್ಗೆ ಬರೆದು, ಅದಕ್ಕೆ ಮುಂಚೌಸನ್ ಅಂತ ಹೆಸರಿಟ್ಟರು. ಬಂಡಲ್ ಬಿಡುವುದಕ್ಕೆ ಹೆಸರಾದ ಒಬ್ಬ ಜರ್ಮನ್ ಜಮೀನ್ದಾರನ ಹೆಸರು ಅದು. 1977ರಲ್ಲಿ ರಾಯ್ ಮೆಡೋ ಎಂಬ ಮಕ್ಕಳ ಡಾಕ್ಟರು ಅದರ ಇನ್ನೊಂದು ಮುಖ ಬರೆದರು. ಕಾಯಿಲೆ ತನಗಲ್ಲ, ತನ್ನ ಮಗುವಿಗೆ ಅಂತ ಹೇಳುವುದು. ಹೇಳಿದ್ದು ಸಾಲದಿದ್ದರೆ ಬರಿಸುವುದು. ಈಗ ಪುಸ್ತಕದಲ್ಲಿ ಇದಕ್ಕೆ ಬೇರೆ ಉದ್ದದ ಹೆಸರಿದೆ, ನಾವು ಹಳೇ ಹೆಸರೇ ಹೇಳುತ್ತೇವೆ.

ಇದನ್ನು ಹಿಡಿಯುವುದು ಯಾಕೆ ಕಷ್ಟ ಗೊತ್ತಾ? ವಾರ್ಡಿನಲ್ಲಿ ಅಂಥ ತಾಯಿ ಎಲ್ಲರಿಗಿಂತ ಒಳ್ಳೆಯ ತಾಯಿಯಾಗಿ ಕಾಣುತ್ತಾಳೆ. ಮಗು ಬಿಟ್ಟು ಏಳುವುದಿಲ್ಲ. ಮಾತ್ರೆಗಳ ಹೆಸರು ನಮಗಿಂತ ಚೆನ್ನಾಗಿ ಗೊತ್ತಿರುತ್ತದೆ. ಡ್ಯೂಟಿಯಲ್ಲಿದ್ದವರಿಗೆ ಚಹಾ ತಂದುಕೊಡುತ್ತಾಳೆ. ಅಡೋರಾ ಪಾತ್ರದ ಪೆಟ್ರೀಷಿಯಾ ಕ್ಲಾರ್ಕ್ಸನ್ ಇದನ್ನು ಹೇಗೆ ಮಾಡಿದ್ದಾಳೆ ನೋಡಿ. 2019ರಲ್ಲಿ ಗೋಲ್ಡನ್ ಗ್ಲೋಬ್ ಸಿಕ್ಕಿದ್ದು ಸುಮ್ನೆ ಅಲ್ಲ. ಒಂದು ಕಡೆಯೂ ಕಣ್ಣು ದೊಡ್ಡದು ಮಾಡುವುದಿಲ್ಲ, ಹಲ್ಲು ಕಡಿಯುವುದಿಲ್ಲ. ದಿಂಬು ಸರಿ ಮಾಡುತ್ತಾಳೆ, ಹಣೆ ಮುಟ್ಟುತ್ತಾಳೆ, ಚಮಚ ಬಾಯಿಗೆ ಹಿಡಿಯುತ್ತಾಳೆ. ಮೇರಿಯನ್ ವಿಷಯದಲ್ಲಿ ಅನುಮಾನ ಬಂದದ್ದು ಒಬ್ಬ ನರ್ಸಿಗೆ. ಅವಳ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದೊಡ್ಡ ಮನೆ, ಊರಿಗೆಲ್ಲ ಕೆಲಸ ಕೊಡುವ ಹಂದಿ ಫಾರಂ ಅವರದು. ಯಾರು ಕೇಳುತ್ತಾರೆ?

ಆಲನ್ ಬಗ್ಗೆ. ಮಗು ಅಡ್ಮಿಟ್ ಆದಾಗ ಇಂಥ ಅಪ್ಪಂದಿರು ಸಂಜೆ ಐದಕ್ಕೆ ಬಂದು, ಮಂಚದ ಕಾಲ ಹತ್ತಿರ ನಿಂತು, "ಹೇಗಿದ್ದಾಳೆ?" ಅಂತ ಹೆಂಡತಿಯನ್ನು ಕೇಳಿ ಹೋಗುತ್ತಾರೆ. ಮಗುವನ್ನು ಕೇಳುವುದಿಲ್ಲ.


ಅಪ್ಪೆಮಿಡಿ (ಸಿದ್ದಾಪುರ)

ನಾನು ಹಿರಿಯವಳು, ನಿವೃತ್ತ ಶಿಕ್ಷಕಿ, ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊಮ್ಮಗ ಹಚ್ಚಿಕೊಟ್ಟ, ನೋಡಿದೆ. ನಟನೆ ಚೆನ್ನಾಗಿದೆ. ಆದರೆ ನೋಡಿ ಮುಗಿಸಿದ ಮೇಲೆ ನಮ್ಮ ಮನೆಯ ಹುಡುಗರೆಲ್ಲ ಶುರು ಮಾಡಿದರು. ಅವರ ಅಮ್ಮ ಕಷಾಯ ಹಿಡಿದುಕೊಂಡು ಬಂದರೆ "ಅಡೋರಾ ಬಂದಳು, ಅಡೋರಾ ಬಂದಳು" ಅಂತ ತಮಾಷೆ. ಶೀತಕ್ಕೆ ಕಷಾಯ ಕುಡಿಯದೆ ಈ ಜಿಲ್ಲೆಯಲ್ಲಿ ಯಾರು ಬೆಳೆದಿದ್ದಾರೆ ಹೇಳಿ ನೋಡೋಣ. ಮೂಗು ಹಿಡಿದು ಕುಡಿಸಿದ್ದೇವೆ. ಬೆಲ್ಲದ ತುಂಡು ತೋರಿಸಿ ಕುಡಿಸಿದ್ದೇವೆ. ಒಂದು ಕಥೆಯ ತಾಯಿ ಹಾಳಾದಳು ಅಂತ ಎಲ್ಲರ ಲೋಟವನ್ನೂ ಮೂಸಿ ನೋಡುವುದಾ?

ಅನುಮಾನ ಅನ್ನುವುದು ಒಂದು ಸಲ ಒಳಗೆ ಬಂದರೆ ಹೋಗುವುದಿಲ್ಲ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗಿ ಪದೇ ಪದೇ ರಜೆ ಹಾಕುತ್ತಿದ್ದಳು. ಹೊಟ್ಟೆನೋವು ಅಂತ ತಾಯಿ ಚೀಟಿ ಬರೆದು ಕಳಿಸುತ್ತಿದ್ದಳು. ತಾಯಿಯೇ ಮುದ್ದು ಮಾಡಿ ಹಾಳು ಮಾಡುತ್ತಿದ್ದಾಳೆ ಅಂತ ಸ್ಟಾಫ್ ರೂಮಿನಲ್ಲಿ ನಾವೆಲ್ಲ ಆಡಿಕೊಂಡೆವು. ನಾನೂ ಆಡಿಕೊಂಡೆ. ಮುಂದೆ ಗೊತ್ತಾಯಿತು, ಆ ಹುಡುಗಿ ಹೆದರುತ್ತಿದ್ದದ್ದು ಶಾಲೆಗೆ ಬರುವ ದಾರಿಯಲ್ಲಿ ಕಾಯುತ್ತಿದ್ದ ಒಬ್ಬ ಸಂಬಂಧಿಕನಿಗೆ. ತಾಯಿಗೆ ಅದನ್ನು ಬಾಯಿಬಿಟ್ಟು ಹೇಳಲು ಧೈರ್ಯ ಇರಲಿಲ್ಲ, ಅದಕ್ಕೇ ಚೀಟಿ. ಈಗಿನ ಶಿಕ್ಷಕರಿಗೆ ಮಕ್ಕಳ ಸಹಾಯವಾಣಿ 1098 ಇದೆ, ಕಾನೂನಿದೆ. ನಮಗೆ ಕಿವಿಯೂ ಇರಲಿಲ್ಲ.

ಹಾಗಾಗಿ ತಂಗಿ, ತಾಯಿಯನ್ನು ರಾಕ್ಷಸಿ ಮಾಡುವ ಕಥೆ ನನಗೆ ಅಷ್ಟಾಗಿ ಹಿಡಿಸುವುದಿಲ್ಲ.


ರಾತ್ರಿಪಾಳಿ

ಅಪ್ಪೆಮಿಡಿ ಅಕ್ಕಾ, ನಿಮ್ಮ ಮಾತಿಗೆ ನಾನೇ ಸಾಕ್ಷಿ ಕೊಡುತ್ತೇನೆ.

ಹಿಂದೆ ಬೇರೆ ಕಡೆ ಕೆಲಸ ಮಾಡುವಾಗ ಒಬ್ಬ ತಾಯಿ ಮಗನನ್ನು ನಾಲ್ಕು ಸಲ ತಂದು ಅಡ್ಮಿಟ್ ಮಾಡಿದಳು. ಜ್ವರ, ಹೊಟ್ಟೆನೋವು, ತೂಕ ಇಳಿಯುತ್ತಿದೆ ಅನ್ನುತ್ತಾಳೆ. ರಿಪೋರ್ಟು ಎಲ್ಲ ನಾರ್ಮಲ್. ಅವಳು ಎಲ್ಲವನ್ನೂ ಒಂದು ನೋಟ್‌ಬುಕ್ಕಿನಲ್ಲಿ ಗಂಟೆ ಸಮೇತ ಬರೆದಿಡುತ್ತಿದ್ದಳು. ನಾನು ಹೊಸದಾಗಿ ಈ ಮುಂಚೌಸನ್ ಬಗ್ಗೆ ಓದಿದ್ದೆ. ಕೈಯಲ್ಲಿ ಸುತ್ತಿಗೆ ಇದ್ದವನಿಗೆ ಕಂಡದ್ದೆಲ್ಲ ಮೊಳೆ. ಜೊತೆಯವರ ಹತ್ತಿರ ಪಿಸುಗುಟ್ಟಿದೆ. ಎರಡು ದಿನ ಅವಳು ಮಗನಿಗೆ ಊಟ ಮಾಡಿಸುವಾಗ ಬಾಗಿಲ ಹತ್ತಿರ ನಿಂತು ನೋಡಿದೆ. ಅವಳಿಗೂ ಅದು ಗೊತ್ತಾಯಿತು. ಆಮೇಲೆ ದೊಡ್ಡ ಊರಿನಲ್ಲಿ ತೋರಿಸಿದಾಗ ಕರುಳಿನ ಕ್ಷಯ ಅಂತ ಪತ್ತೆಯಾಯಿತು. ಹುಡುಗ ಹುಷಾರಾದ. ಆ ತಾಯಿ ಒಂದು ದಿನ ಎದುರು ಸಿಕ್ಕಳು, ನಕ್ಕಳು. ನನಗೆ ನಗಲು ಆಗಲಿಲ್ಲ.


ಯಾಣದ ಕಲ್ಲು

ಇದಕ್ಕೆ ಸೇರಿಸುತ್ತೇನೆ. 1977ರಲ್ಲಿ ಅದನ್ನು ಬರೆದ ರಾಯ್ ಮೆಡೋ ಅಂದರಲ್ಲ, ಅದೇ ಡಾಕ್ಟರು 1999ರಲ್ಲಿ ಸ್ಯಾಲಿ ಕ್ಲಾರ್ಕ್ ಎಂಬ ವಕೀಲೆಯ ಕೇಸಿನಲ್ಲಿ ಸಾಕ್ಷಿ ಹೇಳಿದರು. ಅವಳ ಎರಡು ಹಸುಗೂಸುಗಳು ಒಂದಾದ ಮೇಲೊಂದು ಸತ್ತಿದ್ದವು. ಒಂದೇ ಮನೆಯಲ್ಲಿ ಎರಡು ಮಕ್ಕಳು ಹೀಗೆ ತಾನಾಗಿ ಸಾಯುವುದು ಏಳು ಕೋಟಿ ಮೂವತ್ತು ಲಕ್ಷಕ್ಕೆ ಒಂದು ಅಂತ ಲೆಕ್ಕ ಕೊಟ್ಟರು. ಒಂದು ಸಾವಿನ ಲೆಕ್ಕವನ್ನು ಅದರಿಂದಲೇ ಗುಣಿಸಿ ಬಂದ ಸಂಖ್ಯೆ ಅದು. ಒಂದೇ ತಾಯಿಯ ಮಕ್ಕಳು, ಒಂದೇ ರಕ್ತ, ಒಂದೇ ಮನೆ. ಹಾಗೆ ಗುಣಿಸಲು ಬರುವುದಿಲ್ಲ ಅಂತ ಸಂಖ್ಯಾಶಾಸ್ತ್ರದವರೇ ಆಕ್ಷೇಪ ಎತ್ತಿದರು. ಜೀವಾವಧಿ ಶಿಕ್ಷೆಯಾದವಳು ಹೊರಗೆ ಬಂದದ್ದು 2003ರಲ್ಲಿ. 2007ರಲ್ಲಿ ಸತ್ತೇ ಹೋದಳು.

ಆದರೆ ಇನ್ನೊಂದು ಕಡೆಯೂ ಇದೆ. ಮಗಳಿಗೆ ಇಲ್ಲದ ಕಾಯಿಲೆ ಇದೆ ಎಂದು ವರ್ಷಗಟ್ಟಲೆ ವೀಲ್‌ಚೇರಿನಲ್ಲಿ ಕೂರಿಸಿದ ತಾಯಿಯ ಕೇಸು ಬಯಲಾದದ್ದು 2015ರಲ್ಲಿ, ಸ್ಪ್ರಿಂಗ್‌ಫೀಲ್ಡ್ ಎಂಬ ಊರಲ್ಲಿ. ಅದಿರುವುದು ಮಿಸೌರಿ ರಾಜ್ಯದಲ್ಲೇ. ವಿಂಡ್ ಗ್ಯಾಪ್ ಕಾಲ್ಪನಿಕ ಊರು, ಆದರೆ ಈ ಧಾರಾವಾಹಿಗೆ ಮೂಲವಾದ ಕಾದಂಬರಿಯಲ್ಲಿ ಅದೂ ಮಿಸೌರಿ. ಗಿಲಿಯನ್ ಫ್ಲಿನ್ ಕಾದಂಬರಿ ಬಂದದ್ದು 2006ರಲ್ಲಿ, ಅಂದರೆ ಒಂಬತ್ತು ವರ್ಷ ಮುಂಚೆ.


ಬೈತಖೋಲ ಬಂಗಡೆ

ಹೆಸರುಗಳ ನಡುವಿನದು ನೋಡಿದೆ. ಈಗ ರಾತ್ರಿ ಒಂದು ಗಂಟೆ. ಹೊರಗೆ ಸಮುದ್ರದ ಸದ್ದು. ಬಚ್ಚಲಿಗೆ ಹೋಗಲು ಹೆಂಡತಿಯನ್ನು ಎಬ್ಬಿಸಿದೆ. ನಿಧಾನ ಅಂದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ, ಆದರೆ ಅರ್ಧ ಮಾಡುತ್ತೇನೆ.


ಬೆಂಡಿನ ಬಾಸಿಂಗ (ಶಿರಸಿ, ಈಗ ಬೆಂಗಳೂರು)

ಯಾರೂ ನೆಲದ ಬಗ್ಗೆ ಮಾತಾಡಲಿಲ್ಲವಲ್ಲ!

ನಮ್ಮದು ಗುಡಿಗಾರರ ಮನೆ. ಅಜ್ಜನ ಕಾಲದಲ್ಲಿ ಗಂಧ ಮತ್ತು ದಂತ ಎರಡರ ಕೆತ್ತನೆಯೂ ಇತ್ತು. 1986ರಲ್ಲಿ ಕಾಯ್ದೆ ತಿದ್ದುಪಡಿಯಾಗಿ ದಂತದ ವ್ಯಾಪಾರ ನಿಂತಿತು, ಒಳ್ಳೆಯದೇ ಆಯಿತು. ನಮ್ಮ ಅಪ್ಪನಿಗೆ ಉಳಿದದ್ದು ಗಂಧ ಮತ್ತು ಮದುವೆಯ ಬಾಸಿಂಗದ ಬೆಂಡು. ಆದರೆ ಅಜ್ಜನ ಪೆಟ್ಟಿಗೆಯಲ್ಲಿ ಹಳೆಯ ದಂತದ ಒಂದು ಚೂರು ಇತ್ತು. ಅಂಗೈಯಲ್ಲಿ ಇಟ್ಟುಕೊಂಡು ಅಜ್ಜ ತೋರಿಸುತ್ತಿದ್ದ. ಅಡ್ಡ ಕೊಯ್ದ ಕಡೆ ಸಣ್ಣ ಜಾಲರಿ ಇರುತ್ತದೆ, ಒಂದರ ಮೇಲೊಂದು ಹಾದುಹೋಗುವ ಬಾಗಿದ ಗೆರೆಗಳು. ಮೂಳೆಯಲ್ಲಿ ಅದು ಇರುವುದಿಲ್ಲ, ಚುಕ್ಕಿ ಚುಕ್ಕಿ ಇರುತ್ತದೆ. ಪ್ಲಾಸ್ಟಿಕ್ಕಿನಲ್ಲಿ ಏನೂ ಇರುವುದಿಲ್ಲ.

ಈಗ ಅಡೋರಾಳ ಕೋಣೆ. ಅವಳ ಮಲಗುವ ಕೋಣೆಯ ನೆಲ ಪೂರ್ತಿ ಆನೆದಂತ. ಊರಿಗೇ ಹೆಮ್ಮೆ, ಪತ್ರಿಕೆಯಲ್ಲಿ ಫೋಟೋ ಬಂದಿದೆ. ಅದರ ಮೇಲೆ ಮಕ್ಕಳು ಕಾಲಿಡುವಂತಿಲ್ಲ. ನನಗೆ ಮೊದಲ ಲೆಕ್ಕ ಬಂದದ್ದು, ಒಂದು ದಂತ ಎಷ್ಟು ದಪ್ಪ ಇರುತ್ತದೆ, ಅದನ್ನು ಬಿಲ್ಲೆ ಬಿಲ್ಲೆ ಕೊಯ್ದರೆ ಒಂದು ಕೋಣೆಗೆ ಎಷ್ಟು ಆನೆ ಬೇಕು ಅಂತ. ಅಷ್ಟು ಹೆಣದ ಮೇಲೆ ಬರಿಗಾಲಲ್ಲಿ ನಡೆಯುವ ಮನೆ. ಅಲ್ಲಿಗೇ ಮನೆ ಎಂಥದು ಅಂತ ಗೊತ್ತಾಗಬೇಕಿತ್ತು.

ಆಮಾ ಅದೇ ಮನೆಯ ಗೊಂಬೆಮನೆ ಮಾಡುತ್ತಿದ್ದಾಳೆ. ಎಲ್ಲ ಕೋಣೆ ಪಡಿಯಚ್ಚು. ಅಮ್ಮನ ಕೋಣೆಯ ನೆಲಕ್ಕೆ ಏನು ಹಾಕುವುದು? ಸತ್ತ ಹುಡುಗಿಯರ ಬಾಯಲ್ಲಿ ಹಲ್ಲು ಇರಲಿಲ್ಲ ಅಂತ ಪೊಲೀಸರು ಮೊದಲೇ ಹೇಳಿದ್ದರು. ಕೊನೆಯಲ್ಲಿ ಕ್ಯಾಮೆರಾ ಗೊಂಬೆಮನೆಯ ಒಳಗೆ ಹೋಗುತ್ತದಲ್ಲ, ನಾನು ಅಭ್ಯಾಸ ಬಲದಿಂದ ಜಾಲರಿ ಗೆರೆ ಹುಡುಕಿದೆ. ಇರಲಿಲ್ಲ. ಹೊಟ್ಟೆ ತೊಳಸಿತು.


ತೊಡೆದೇವು

ಬಾಸಿಂಗದವರೇ, ಕೇಳಿ ಇಲ್ಲಿ. ಇದನ್ನು ಬರೆಯಬೇಕು ಅಂತ ಅಂದಿನಿಂದ ಕಾಯುತ್ತಿದ್ದೆ.

ಆ ನೆಲವನ್ನು ನಾನು ಆಯಿಗೆ "ದಂತದ ನೆಲ" ಅಂತ ಕನ್ನಡ ಮಾಡಿದೆ. ಇಂಗ್ಲಿಷಿನಲ್ಲಿ ಆನೆದಂತಕ್ಕೆ ಒಂದು ಪದ, ಹಲ್ಲಿಗೆ ಬೇರೆ ಪದ. ಎರಡಕ್ಕೂ ಸಂಬಂಧ ಕಾಣುವುದಿಲ್ಲ. ನಮ್ಮಲ್ಲಿ ದಂತ ಅಂದರೆ ಅದೂ ಹೌದು, ಇದೂ ಹೌದು. ಆಯಿ ಕೂಡಲೇ, "ಯಾರ ದಂತ?" ಅಂದಳು. ಆನೆಯದು ಅಂದೆ. ಅವಳು ಸುಮ್ಮನಾದಳು. ಮುಂದೆ ಆಮಾ ಗೊಂಬೆಮನೆ ಇಟ್ಟುಕೊಂಡು ಕೂತದ್ದು ಬಂದಾಗ, "ಆ ಕೂಸಿನ ಕೈ ನೋಡು, ಅದ್ರ ಮನೆಗೆ ದಂತ ಎಲ್ಲಿಂದ ತರ್ತು?" ಅಂದಳು. ನಾನು ನಕ್ಕೆ. ಎಂಟನೇ ಕಂತಿನ ಕೊನೆಯಲ್ಲಿ ನಗಲಿಲ್ಲ.

ಹೊರಗೆ ಇಂಗ್ಲಿಷಿನಲ್ಲಿ ನೋಡಿದ ಲಕ್ಷಾಂತರ ಜನರಿಗೆ ಸಿಗದ ಸುಳಿವು ಕನ್ನಡದಲ್ಲಿ ಕೇಳಿದ ನನ್ನ ಆಯಿಗೆ ಸಿಕ್ಕಿತು. ಇದನ್ನು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೇನೆ, ಕ್ಷಮಿಸಿ.


ಯಾಣದ ಕಲ್ಲು

ಆಯಿಯನ್ನು ಇಲ್ಲಿಗೆ ಸದಸ್ಯೆ ಮಾಡಿ.


ಹಳಗಾ ದೋಣಿ (ಕಾರವಾರ)

ನನಗೆ ಅಡೋರಾ, ಆಲನ್ ಇಬ್ಬರಿಗಿಂತ ಜಾಸ್ತಿ ಸಿಟ್ಟು ಬಂದದ್ದು ಜ್ಯಾಕಿ ಮೇಲೆ. ಅಮ್ಮನ ಗೆಳತಿ, ಯಾವಾಗಲೂ ಕುಡಿದಿರುತ್ತಾಳೆ, ನಗಿಸುತ್ತಾಳೆ, ಕಮೀಲ್ ಮೇಲೆ ಪ್ರೀತಿ ಇದೆ. ಮೇರಿಯನ್ ಸಾವಿನ ಬಗ್ಗೆ ಅವಳಿಗೆ ಅನುಮಾನ ಇತ್ತು. ಇಷ್ಟು ವರ್ಷ ಹೇಳಲಿಲ್ಲ. ಕಮೀಲ್ ಕೇಳಿದರೆ, ಹೇಳಿದ್ದರೆ ಏನಾಗುತ್ತಿತ್ತು ಅನ್ನುವ ಧಾಟಿ.

ಸಣ್ಣ ಊರಿನಲ್ಲಿ ಗುಟ್ಟು ಅಂದರೆ ಯಾರಿಗೂ ಗೊತ್ತಿಲ್ಲದ್ದು ಅಂತ ಅಲ್ಲ. ಎಲ್ಲರಿಗೂ ಗೊತ್ತಿರುತ್ತದೆ, ಯಾರೂ ಎದುರಿಗೆ ಆಡುವುದಿಲ್ಲ, ಅಷ್ಟೇ. ನಮ್ಮ ಓಣಿಯಲ್ಲಿ ಮೀನು ಕೊಡಲು ಬರುವ ಹೆಂಗಸಿಗೆ ಯಾವ ಮನೆಯಲ್ಲಿ ಯಾರ ಕೆನ್ನೆ ಬಾತಿದೆ ಅಂತ ಗೊತ್ತು. ಅವಳು ಬುಟ್ಟಿ ಇಳಿಸಿ, ನೋಡಿ, ಎರಡು ಬಂಗಡೆ ಜಾಸ್ತಿ ಹಾಕಿ ಹೋಗುತ್ತಾಳೆ. ಅವಳ ಕೈಲಿ ಆಗುವುದು ಅಷ್ಟು. ಜ್ಯಾಕಿ ಅದನ್ನೂ ಮಾಡಲಿಲ್ಲ.


ಬೈತಖೋಲ ಬಂಗಡೆ

ಬಂಗಡೆಯ ಹೆಸರು ತೆಗೆದದ್ದಕ್ಕೆ ಧನ್ಯವಾದ. ವಿಷಯ ಮಾತ್ರ ನಿಜ.


ಚಂಡೆಮದ್ದಳೆ (ಹೊನ್ನಾವರ)

ಎಂಟನೇ ಕಂತಿನ ಹೆಸರು ಗಮನಿಸಿದಿರಾ? 'ಮಿಲ್ಕ್'. ಹಾಲು. ನಾನು ಯಕ್ಷಗಾನದವನು, ನನಗೆ ಕೂಡಲೇ ಪೂತನಿ ಬಂದಳು. ಪೂತನಿ ವೇಷ ಕಟ್ಟುವವರು ಹೇಳುತ್ತಾರೆ, ಕೃಷ್ಣನನ್ನು ಎತ್ತಿಕೊಳ್ಳುವವರೆಗೆ ಅವಳು ಪೂರಾ ತಾಯಿಯಾಗಿಯೇ ಕಾಣಬೇಕು ಅಂತ. ವಿಷ ಇರುವುದು ಹಾಲಿನಲ್ಲಿ, ಮುಖದಲ್ಲಿ ಅಲ್ಲ. ರಂಗದ ಮೇಲೆ ಅವಸರ ಮಾಡಿ ಹುಬ್ಬು ಹಾರಿಸಿದರೆ ಪಾತ್ರ ಕೆಟ್ಟಿತು. ಕ್ಲಾರ್ಕ್ಸನ್ ಹುಬ್ಬು ಹಾರಿಸುವುದಿಲ್ಲ.

ಅಪ್ಪೆಮಿಡಿ ಅಕ್ಕನಿಗೆ ಒಂದು ಸಮಾಧಾನ. ನಮ್ಮ ಪುರಾಣದಲ್ಲೂ ಪೂತನಿ ಇದ್ದಾಳೆ ಅಂತ ಯಾರೂ ಯಶೋದೆಯ ಲೋಟ ಮೂಸಿ ನೋಡಲಿಲ್ಲ.

ಆದರೆ ನನ್ನ ತಲೆಯಲ್ಲಿ ಉಳಿದದ್ದು ಕುಂತಿ. ತಾಳಮದ್ದಳೆಯಲ್ಲಿ ಕರ್ಣನ ಪ್ರಸಂಗ ಬಂದಾಗಲೆಲ್ಲ ಅರ್ಥಧಾರಿಗಳು ಇದನ್ನೇ ಹಿಡಿದು ಎಳೆಯುತ್ತಾರೆ. ಒಬ್ಬ ತಾಯಿ ಒಂದು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಂಡದ್ದಕ್ಕೆ ತಮ್ಮ ಅಣ್ಣನನ್ನು ಕೊಂದ. ಅವಳು ಬಾಯಿ ಬಿಟ್ಟದ್ದು ಯಾವಾಗ? ಯುದ್ಧ ಮುಗಿದು, ಸತ್ತವರಿಗೆ ಎಳ್ಳುನೀರು ಬಿಡುವಾಗ. ಕರ್ಣನಿಗೂ ಬಿಡು, ಅವನು ನಿನ್ನ ಅಣ್ಣ ಅನ್ನುತ್ತಾಳೆ. ಧರ್ಮರಾಯನಿಗೆ ಸಿಟ್ಟು ಬಂದು, ಇನ್ನು ಮುಂದೆ ಹೆಂಗಸರ ಹೊಟ್ಟೆಯಲ್ಲಿ ಗುಟ್ಟು ನಿಲ್ಲದಿರಲಿ ಅಂತ ಶಾಪ ಕೊಡುತ್ತಾನೆ. ಆ ಶಾಪ ತಟ್ಟಿದ್ದೇ ಸುಳ್ಳು ಅಂತ ಕಾಣುತ್ತದೆ. ಅಡೋರಾ ಮನೆ ನೋಡಿ, ನಮ್ಮ ಮನೆಗಳನ್ನು ನೋಡಿ. ಎಲ್ಲರ ಹೊಟ್ಟೆಯಲ್ಲೂ ನಿಂತೇ ಇದೆ.


ಅಪ್ಪೆಮಿಡಿ

ತಮಾ, ಅದು ಶಾಪ ಅಲ್ಲ, ವರ. ತಟ್ಟಿದ್ದರೆ ಚೆನ್ನಾಗಿತ್ತು.


ಹೆಸರಿಲ್ಲದ ಸದಸ್ಯ

ಇದೆಲ್ಲ ವಿದೇಶದ ಮನೆಗಳ ಕಥೆ. ನಮ್ಮಲ್ಲಿ ಕೂಡುಕುಟುಂಬ ಇದೆ, ಇಂಥದ್ದು ನಡೆಯುವುದಿಲ್ಲ. ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ.


ರಾತ್ರಿಪಾಳಿ

ಒಂದು ರಾತ್ರಿ ನನ್ನ ಜೊತೆ ಡ್ಯೂಟಿಗೆ ಬನ್ನಿ.


ತೊಡೆದೇವು

ಎರಡು ವಾರ ಬರಲಿಲ್ಲ, ಕ್ಷಮಿಸಿ. ತೋಟಕ್ಕೆ ಕೊಳೆರೋಗದ ಮದ್ದು ಹೊಡೆಸುವ ಗಡಿಬಿಡಿ.

ಚಂಡೆಮದ್ದಳೆಯವರ ಕುಂತಿಯ ಮಾತನ್ನು ಆಯಿಗೆ ಓದಿ ಹೇಳಿದ್ದೆ. ಅಡುಗೆಮನೆಯಲ್ಲಿ ಕೂತು ಕೆಸುವಿನ ಸೊಪ್ಪು ಸುತ್ತುತ್ತಿದ್ದಳು. ಎಳ್ಳುನೀರಿನ ಸಾಲಿಗೆ ಬಂದಾಗ ಕೈ ನಿಂತಿತು. ಪೂರ್ತಿ ಕೇಳಿ, ಕೈ ತೊಳೆದು, ಜಗಲಿಗೆ ಹೋದಳು.

ಪಂಚಾಂಗದ ವಿಷಯ ಮೊದಲು ಬರೆದಿದ್ದೆ, ಅದರಲ್ಲಿ ಒಂದು ಹೇಳಿರಲಿಲ್ಲ, ಯಾಕೆಂದರೆ ನಾನೇ ಅದನ್ನು ಯಾವತ್ತೂ ಸರಿಯಾಗಿ ನೋಡಿರಲಿಲ್ಲ. ಪ್ರತಿ ಯುಗಾದಿಗೆ ಹೊಸ ಪಂಚಾಂಗ ಬಂದಾಗ ಅಪ್ಪ ಹಳೆಯದನ್ನು ಪಕ್ಕದಲ್ಲಿಟ್ಟುಕೊಂಡು ತಿಥಿಗಳನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕುತ್ತಾನೆ. ಒಂದು ಕಡೆ ಅಜ್ಜ. ಒಂದು ಕಡೆ ಅಮ್ಮಮ್ಮ. ಒಂದು ಕಡೆ ದೊಡ್ಡಪ್ಪ. ಶ್ರಾವಣದಲ್ಲಿ ಒಂದು ತಿಥಿಗೆ ಬರೀ ಚುಕ್ಕಿ. ಹೆಸರಿಲ್ಲ. ಪ್ರತಿ ವರ್ಷ ಆ ಚುಕ್ಕಿಯನ್ನೂ ಹಳೆಯದರಿಂದ ಹೊಸದಕ್ಕೆ ತಪ್ಪದೆ ಇಳಿಸಿಕೊಳ್ಳುತ್ತಾನೆ. ಆ ದಿನ ನಮ್ಮ ಮನೆಯಲ್ಲಿ ಭಟ್ಟರು ಬರುವುದಿಲ್ಲ, ಏನೂ ಇರುವುದಿಲ್ಲ. ಆಯಿ ಮಾತ್ರ ಸ್ವಲ್ಪ ಪಾಯಸ ಮಾಡಿ, ಹಿತ್ತಿಲ ಪಾಗಾರದ ಮೇಲೆ ಒಂದು ಕುಡಿಬಾಳೆಯಲ್ಲಿ ಇಟ್ಟು ಬರುತ್ತಾಳೆ. ಕಾಗೆಗೆ ಅನ್ನುತ್ತಾಳೆ. ನಾನು ಚಿಕ್ಕಂದಿನಿಂದ ಆ ಪಾಯಸ ತಿಂದಿದ್ದೇನೆ. ಯಾರಿಗೆ ಅಂತ ಕೇಳಿಲ್ಲ.

ಆಯಿ ಜಗಲಿಗೆ ಹೋಗಿ ರೇಡಿಯೋ ಆರಿಸಿದಳು. ಪಂಚಾಂಗ ಮೊಳೆಯಿಂದ ತೆಗೆದು ಅಪ್ಪನ ಮುಂದೆ ಇಟ್ಟಳು. "ಈ ವರ್ಷ ಹೆಸ್ರು ಬರೀರಿ" ಅಂದಳು. ಅಪ್ಪ ಕವಳ ಜಗಿಯುವುದನ್ನು ನಿಲ್ಲಿಸಿದ. "ಮಳೆ ಬರ್ತು ಕಾಣ್ತು" ಅಂದ. ಆಯಿ ಅಲ್ಲೇ ನಿಂತಿದ್ದಳು.

ಅಪ್ಪನಿಗೆ ಒಬ್ಬ ತಂಗಿ ಇದ್ದಳಂತೆ. ನನಗೆ ಅತ್ತೆ. ಹತ್ತೊಂಬತ್ತು ವರ್ಷಕ್ಕೆ ಹೋದಳು. ಊರಿಗೆ ಜ್ವರ ಅಂತ ಹೇಳಿದ್ದು. ಜ್ವರ ಅಲ್ಲ. ಆಯಿ ಆಗ ಮದುವೆಯಾಗಿ ಬಂದು ಎಂಟು ತಿಂಗಳು. ಅವಳಿಗೆ ಗೊತ್ತಿತ್ತು, ಅಪ್ಪನಿಗೆ ಗೊತ್ತಿತ್ತು, ಅಜ್ಜನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಉಳಿದದ್ದನ್ನು ಆಯಿ ನನಗೆ ಹೇಳಿದಳು. ಇಲ್ಲಿ ಬರೆಯುವುದಿಲ್ಲ.

ಅತ್ತೆಗೆ ಹಾಡು ಬರುತ್ತಿತ್ತಂತೆ. ಇಷ್ಟು ಬರೆಯಬಹುದು.

ಆಲನ್ ಬಗ್ಗೆ ನಾನು ಶುರುವಿನಲ್ಲಿ ಅಷ್ಟು ಜೋರಾಗಿ ಬರೆದೆನಲ್ಲ, ಅದನ್ನು ಈಗ ಓದಿಕೊಂಡೆ. ಅಳಿಸುವುದಿಲ್ಲ. ಆದರೆ ಆಗ ಆ ಜಗಲಿಯ ಮೇಲಿದ್ದ ಅಪ್ಪನಿಗೆ ಇಪ್ಪತ್ತಾರು ವರ್ಷ.


ಹಳಗಾ ದೋಣಿ

ಏನು ಹೇಳಬೇಕು ಗೊತ್ತಾಗುತ್ತಿಲ್ಲ. ನಿಮ್ಮ ಆಯಿಗೆ ನಮಸ್ಕಾರ ಹೇಳಿ.


ಅಪ್ಪೆಮಿಡಿ

ತಂಗಿ, ಆಯಿಯ ಹತ್ತಿರ ಕೂತಿರು. ಮಾತಾಡಿಸಬೇಡ, ಸುಮ್ಮನೆ ಹತ್ತಿರ ಇರು.


ಬೈತಖೋಲ ಬಂಗಡೆ

ಹೆಸರು ಬರೆದರಾ?


ತೊಡೆದೇವು

ಇನ್ನೂ ಇಲ್ಲ. ನಾವೂ ಕೇಳಿಲ್ಲ. ತಿಥಿಗೆ ಆರು ದಿನ ಇದೆ. ನಿನ್ನೆ ಬೆಳಿಗ್ಗೆ ಚಹಾ ಕೊಡಲು ಹೋದಾಗ ಕವಳದ ಹರಿವಾಣದ ಪಕ್ಕ ಪೆನ್ಸಿಲ್ ಕೆತ್ತಿದ ಸಿಪ್ಪೆ ಬಿದ್ದಿತ್ತು.